ರಾಗಿಯ ತವರಿಗೆ ಹೋಗಿಬಂದವರು

ಹೇಳದೆ ಹೊರಟುಬಿಡುವುದು ಅವರ ಅಭ್ಯಾಸ. ಮದುವೆ ಮನೆಯಿರಲಿ, ಕಾಲೇಜಿನ ಬೀಳ್ಕೊಡುಗೆಯಿರಲಿ, ಊಟ ಮುಗಿಸಿ ಕೈತೊಳೆದವರು ಎಲ್ಲಿ ಎಂದು ನಾವು ತಿರುಗಿ ನೋಡುವಷ್ಟರಲ್ಲಿ ಬಸ್‌ಸ್ಟ್ಯಾಂಡ್ ಸೇರಿರುತ್ತಿದ್ದರು. ಅವರದೇ ನಿವೃತ್ತಿಯ ದಿನ, ಮದ್ದೂರಿನ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಸಿದ್ಧವಾಗಿ ಪ್ರಿನ್ಸಿಪಾಲರು ಇನ್ನೂ ಮೈಕಿನ ಮುಂದೆ ಹೊಗಳುತ್ತಿದ್ದರು. ಇವರು ಹಿಂದಿನ ಬಾಗಿಲಿನಿಂದ ನಡೆದು ಮಂಡ್ಯದ ರೈಲು ಹತ್ತಿಯಾಗಿತ್ತು. ಬುಟ್ಟಿಯನ್ನು ಮಾರನೆಯ ದಿನ ನಾನೇ ಅವರ ಮನೆಗೆ ಹೊತ್ತೆ.

"ತಂದ್ಯಾ? ಬಾಳೆಹಣ್ಣು ಕಪ್ಪಾಗೋಯ್ತಾ ಅವೆ. ಕೂತ್ಕೊ, ತಿನ್ನು" ಅಂದರು. ಅಷ್ಟೇ.

ಹೋದ ತಿಂಗಳೂ ಹಾಗೇ ಮಾಡಿದರು. ಬೆಳಿಗ್ಗೆ ಕಾಫಿ ಕುಡಿದು, ಪೇಪರು ಮಡಿಸಿಟ್ಟು, ವೆರಾಂಡದ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಹಾಲಿನವನು ನನ್ನ ಮನೆಗೆ ಬಂದು ಹೇಳಿದಾಗ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಇದೊಂದು ಸಲವಾದರೂ ಹೇಳಿ ಹೋಗಬಾರದಿತ್ತೇ ಅನ್ನಿಸಿತು.

ಅವರು ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದರು, ನಾನು ಇತಿಹಾಸ. ಮಂಡ್ಯದಲ್ಲಿ ನಮ್ಮಿಬ್ಬರ ಮನೆ ಅಕ್ಕಪಕ್ಕದ ಬೀದಿಯಲ್ಲಿ. ದಿನಾ ಒಂದೇ ರೈಲಿನಲ್ಲಿ ಮದ್ದೂರಿಗೆ ಹೋಗಿ ಬರುತ್ತಿದ್ದೆವು. ಎತ್ತರದ ಆಳು, ಕಾಟನ್ ಸೀರೆ, ಕಾಲಿಗೆ ಮಾತ್ರ ಲೇಸು ಕಟ್ಟುವ ದಪ್ಪ ಬೂಟು. ಸೀರೆಗೂ ಬೂಟಿಗೂ ಏನು ಸಂಬಂಧ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಕಿಚಾಯಿಸಿದ್ದಕ್ಕೆ, "ನಡೆಯೋದು ಕಾಲು ಕಣಪ್ಪ, ಸೀರೆಯಲ್ಲ" ಎಂದು ಪರೀಕ್ಷೆ ಪೇಪರು ತಿದ್ದುತ್ತಲೇ ಹೇಳಿದ್ದರು. ಮಾತು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯದು. ಎಂ.ಎಸ್ಸಿ. ಓದಿದರೂ, ಅಷ್ಟು ವರ್ಷ ಪಾಠ ಮಾಡಿದರೂ ಆ ಮಾತನ್ನು ಇಸ್ತ್ರಿ ಮಾಡಿಸಲು ಅವರು ಹೋಗಲಿಲ್ಲ.

ಈ ಹೆಂಗಸು ಲೋಕ ಸುತ್ತುತ್ತಿದ್ದರು. ನಾವೆಲ್ಲ ಬೇಸಿಗೆ ರಜೆಯಲ್ಲಿ ಹಪ್ಪಳ ಒಣಗಿಸುವಾಗ ಇವರು ವಿಯೆಟ್ನಾಂ, ಟರ್ಕಿ, ಜಾರ್ಜಿಯಾ ಎಂದು ಹೊರಟುಬಿಡುತ್ತಿದ್ದರು. ಗುಂಪಿನ ಟೂರಿಗೆ ಸೇರಿದವರಲ್ಲ, ಒಬ್ಬರೇ. ನನಗೆ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಪ್ಲಾಟ್‌ಫಾರಂ ಹುಡುಕುವುದಕ್ಕೇ ಎದೆ ಡವಗುಟ್ಟುತ್ತದೆ. ಇವರು ಹೆಸರೇ ಕೇಳದ ಊರಿನಲ್ಲಿ ಬಸ್ಸಿಳಿದು, ಬ್ಯಾಗು ಹೆಗಲಿಗೇರಿಸಿ, ತರಕಾರಿ ಹೆಚ್ಚುವವರು ಎಲ್ಲಿದ್ದಾರೆ ಎಂದು ನೋಡಿಕೊಂಡು ನೇರ ಅಲ್ಲಿಗೆ ಹೋಗಿ ಕೂರುತ್ತಿದ್ದರಂತೆ. ಅರಮನೆ, ಮ್ಯೂಸಿಯಂ ಎಲ್ಲ ಆಮೇಲೆ. ಕೆಲವು ಊರುಗಳಲ್ಲಿ ಅವನ್ನು ನೋಡುವುದು ಮರೆತೇ ಹೋಗುತ್ತಿತ್ತು.

"ಭಾಷೆ?" ಎಂದು ಕೇಳಿದ್ದೆ.

"ಏರ್‌ಪೋರ್ಟಲ್ಲಿ ಇಂಗ್ಲಿಸು. ಅಡುಗೆ ಮನೇಲಿ ಕನ್ನಡ."

"ಅವರಿಗೆ ಅರ್ಥ ಆಗುತ್ತಾ?"

"ಅವ್ರ ಮಾತು ನಂಗೆ ಅರ್ಥ ಆಯ್ತದಾ? ಅವ್ರು ಮಾತಾಡಾಕಿಲ್ವಾ? ನಾನ್ಯಾಕೆ ಬಾಯಿ ಮುಚ್ಕೊಂಡಿರ್ಲಿ?"

ವಿಯೆಟ್ನಾಮಿನ ಒಂದು ಸಂತೆಯಲ್ಲಿ ಬಾಳೆ ಹೂವಿನ ಮೋತೆ ಹೆಚ್ಚುತ್ತಿದ್ದ ಹೆಂಗಸಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಊಟ ಆಯ್ತಾ?" ಎಂದು ಕೇಳಿದ್ದರಂತೆ. ಆಕೆ ಏನೋ ಅಂದಳು. ಇವರೂ ಒಂದು ಮೋತೆ ಎತ್ತಿಕೊಂಡು ಹೆಚ್ಚತೊಡಗಿದರು. ಮಧ್ಯಾಹ್ನ ಆಕೆಯ ಮನೆಯಲ್ಲಿ ಊಟ. ಫೋಟೋ ತೋರಿಸಿ ಎಂದರೆ, "ಕೈಯೆಲ್ಲ ಬಾಳೆ ಕರೆ ಆಗಿತ್ತು, ಫೋಟೋ ಎಂಗ್ ತೆಗೀಲಿ" ಅನ್ನುತ್ತಿದ್ದರು. ಹನಕೆರೆ ಸ್ಟೇಷನ್ ಬಂದರೂ ನನ್ನ ತೆರೆದ ಬಾಯಿ ಮುಚ್ಚಿರುತ್ತಿರಲಿಲ್ಲ. ಕಿಟಕಿಯಾಚೆ ಕಬ್ಬಿನ ಗದ್ದೆ ಓಡುತ್ತಿತ್ತು, ನಾನು ಮಾತ್ರ ಯಾವುದೋ ನದಿ ದಂಡೆಯ ಅಡುಗೆ ಮನೆಯಲ್ಲಿರುತ್ತಿದ್ದೆ.

ಹೋದಲ್ಲೆಲ್ಲ ಬ್ಯಾಗಿನಲ್ಲಿ ರಾಗಿ ಹಿಟ್ಟು ಒಯ್ಯುತ್ತಿದ್ದರು. ಉಂಡ ಮನೆಗೆ ಒಂದು ಹೊತ್ತು ಬೇಯಿಸಿ ಹಾಕಿ ಬರುವುದು ಅವರ ಲೆಕ್ಕದಲ್ಲಿ ಕನಿಷ್ಠ ಮರ್ಯಾದೆ. ಜಾರ್ಜಿಯಾದ ಒಂದು ಬೆಟ್ಟದೂರಿನಲ್ಲಿ ಮುದ್ದೆ ತೊಳಸಿ, ಸೊಪ್ಪಿನ ಸಾರು ಮಾಡಿ, ಮನೆಮಂದಿಯನ್ನೆಲ್ಲ ಕೂರಿಸಿ ಬಡಿಸಿದ್ದರು. ಅವರೆಲ್ಲ ಮರ್ಯಾದಸ್ಥರು. ಒಂದೊಂದು ತುತ್ತು ಬಾಯಿಗಿಟ್ಟು ಅಗಿದರು. ಅಗಿದೇ ಅಗಿದರು. ಮನೆಯ ಅಜ್ಜನ ಕಟ್ಟುಹಲ್ಲಿನ ಸೆಟ್ಟು ಮುದ್ದೆಗೆ ಅಂಟಿಕೊಂಡು ಈಚೆ ಬಂತು.

"ಅಗೀಬ್ಯಾಡಿ, ನುಂಗಿ ನುಂಗಿ ಅಂತ ಗಂಟಲು ಮುಟ್ಕೊಂಡು ತೋರುಸ್ದೆ ಕಣಮ್ಮ. ನಂಗೇ ಉಸ್ರು ಕಟ್ಟೈತೆ ಅನ್ಕೊಂಡು ಬೆನ್ಮೇಲೆ ಗುದ್ದುದ್ರು."

ಇದನ್ನು ಹೇಳಿ ರೈಲಿನ ಡಬ್ಬಿ ಪೂರ್ತಿ ತಿರುಗಿ ನೋಡುವ ಹಾಗೆ ನಗುತ್ತಿದ್ದರು. ನಕ್ಕಾದ ಮೇಲೆ ಮಾತ್ರ, "ನುಂಗೋರು ಎಲ್ಲೋ ಅವ್ರೆ. ಅಲ್ಲಿಗೊಂದು ದಿನ ಓಗ್ಬೇಕು" ಅನ್ನುತ್ತಿದ್ದರು.

ಅದೆಲ್ಲಿ ಎಂಬುದು ಅವರಿಗೆ ಗೊತ್ತಿತ್ತು. ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದರು: ನಮ್ಮ ರಾಗಿ ಮೂಲದಲ್ಲಿ ನಮ್ಮದಲ್ಲ, ಪೂರ್ವ ಆಫ್ರಿಕಾದ ಎತ್ತರದ ನೆಲದ್ದು. ಸಾವಿರಾರು ವರ್ಷಗಳ ಹಿಂದೆ ಯಾರದೋ ಗಂಟಿನಲ್ಲಿ ಸಮುದ್ರ ದಾಟಿ ಬಂದದ್ದು. ಮಂಡ್ಯದ ಮಕ್ಕಳು ಇದನ್ನು ನಂಬುತ್ತಲೇ ಇರಲಿಲ್ಲ. ಅವರು ನಿವೃತ್ತರಾಗುವ ವರ್ಷ ಒಬ್ಬಳು ಹುಡುಗಿ ಎದ್ದುನಿಂತು, "ಅಂಗಾದ್ರೆ ಮೇಡಂ, ರಾಗಿ ತವರು ಬುಟ್ಟು ಬರೋವಾಗ ಮಡ್ಲಕ್ಕಿ ಉಯ್ದು ಕಳುಸಿದ್ರಾ?" ಎಂದು ಕೇಳಿದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಇವರು ಅರ್ಧ ಪಾಠಕ್ಕೇ ಚಾಕ್‌ಪೀಸು ಕೆಳಗಿಟ್ಟು ಸ್ಟಾಫ್ ರೂಮಿಗೆ ಬಂದರು.

ಸಂಜೆ ರೈಲಿನಲ್ಲಿ ಯಾಕೆಂದು ನಾನು ಕೇಳಿದೆ. ಹೇಳಿದರು.

"ನಮ್ಮನೆಯವ್ರು ತೀರ್ಕೊಂಡಾಗ ನಂಗಿನ್ನೂ ಚಿಕ್ಕ ವಯಸ್ಸು. ಆಮ್ಯಾಕೆ ಮೊದುಲ್ನೇ ಸತಿ ತವರಿಗೆ ಓಗಿದ್ದೆ. ವಾಪಸ್ ಒರಡೋವಾಗ ಅತ್ಗೆ ನನ್ ತಂಗೀನ ಮಣೆ ಮ್ಯಾಲೆ ಕೂರ್ಸಿ ಮಡ್ಲು ತುಂಬುದ್ಲು. ಅಕ್ಕಿ, ಕಾಯಿ, ಬೆಲ್ಲ. ಯಾವಾಗ್ಲೂ ಜೊತೇಲೆ ತಾನೆ ಕೂರ್ತಿದ್ದುದು, ನಾನೂ ಪಕ್ಕದಲ್ಲಿ ಓಗಿ ಕೂತೆ. ಮರ್ತೇ ಓಗಿತ್ತು ಕಣಮ್ಮ ನಂಗೆ. ಅತ್ಗೆ ತಟ್ಟೆ ಇಡ್ಕೊಂಡು ಅಂಗೇ ನಿಂತ್ಬುಟ್ಲು. ಬೈಲಿಲ್ಲ, ಏಳು ಅನ್ಲಿಲ್ಲ. ಪಾಪ, ಅವ್ಳಿಗೂ ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ. ನಾನೇ ಬಸ್ಸಿಗೆ ವೊತ್ತಾಯ್ತು ಅಂತ ಎದ್ದು ಬಂದೆ."

ಅಷ್ಟು ಹೇಳಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡರು. "ಅವತ್ತಿಂದ ಯಾರ ಮನೇಲೇ ಆಗ್ಲಿ, ಒರಡೋ ವೊತ್ನಲ್ಲಿ ನಾನು ಅಲ್ಲಿರಾಕಿಲ್ಲ."

ತವರಿನಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ ಸುರಿಯುವುದು, ಗಂಡ ಸತ್ತವಳಾದರೆ ಸುರಿಯದಿರುವುದು, ಎರಡೂ ನಮ್ಮ ಕಡೆ ಎಷ್ಟು ಮಾಮೂಲೆಂದರೆ ನಾನು ಅದರ ಬಗ್ಗೆ ಒಂದು ದಿನವೂ ನಿಂತು ಯೋಚಿಸಿದವಳಲ್ಲ. ಲೋಕದ ಯಾವ ಮೂಲೆಗೂ ಹೆದರದೆ ಹೋಗುವ ಈ ಹೆಂಗಸಿಗೆ ಪೂರಿಗಾಲಿಯ ನಡುಮನೆಯಲ್ಲಿ ಒಂದು ಗಳಿಗೆ ನಿಲ್ಲಲು ಆಗುತ್ತಿರಲಿಲ್ಲ ಎಂಬುದು ಆವತ್ತು ಗೊತ್ತಾಯಿತು. ರೈಲು ಮಂಡ್ಯ ಸೇರುತ್ತಿತ್ತು. ಸಕ್ಕರೆ ಕಾರ್ಖಾನೆಯ ವಾಸನೆ ಬರುತ್ತಿತ್ತು. ಇಳಿಯುವಾಗ ಅವರು, "ರಾಗಿ ತವರಿಗೆ ಓಯ್ತೀನಿ. ನೀನೂ ಬಾ" ಅಂದರು.

ನಾನು ಹೋದೆ. ಹೇಗೆ ಒಪ್ಪಿದೆನೋ ನನಗೇ ತಿಳಿಯದು. ವಿಮಾನ ಮೇಲೇರುವಾಗ ಕಣ್ಣುಮುಚ್ಚಿ ಮನೆದೇವರನ್ನು ಕರೆಯುತ್ತಿದ್ದೆ. ಅವರು ಪಕ್ಕದ ಸೀಟಿನ ಅಪರಿಚಿತ ಅಜ್ಜಿಗೆ ಕೋಡುಬಳೆ ಕೊಡುತ್ತಿದ್ದರು.

ಉಗಾಂಡಾದ ಪಶ್ಚಿಮಕ್ಕೆ ಹೋಗುವ ದಾರಿಯ ಮಣ್ಣು ಕೆಂಪು. ಬೆಟ್ಟದ ಮೇಲೆ ಬೆಟ್ಟ, ಎಲ್ಲದರ ಮೈತುಂಬ ಬಾಳೆ. ಟ್ಯಾಕ್ಸಿಯ ಡ್ರೈವರು ಸಮಾಧಾನದ ಮನುಷ್ಯ, ಒಳ್ಳೆಯ ಇಂಗ್ಲಿಷು ಆಡುತ್ತಿದ್ದ. ನಿಮಗೆ ಸಿಂಹ ತೋರಿಸಲೇ, ಗೊರಿಲ್ಲಾ ತೋರಿಸಲೇ ಎಂದು ಕೇಳಿದ. ಇವರು, ರಾಗಿ ಹೊಲ ತೋರಿಸು ಅಂದರು. ಅವನು ಗಾಡಿಯನ್ನೇ ನಿಲ್ಲಿಸಿ ಹಿಂದೆ ತಿರುಗಿ ನೋಡಿದ. ಆಮೇಲೆ ತನ್ನ ಅಜ್ಜಿಯ ಮನೆಗೆ ಕರೆದುಕೊಂಡು ಹೋದ.

ಗುಡ್ಡದ ಇಳಿಜಾರಿನಲ್ಲಿ ಆ ಹೊಲವಿತ್ತು. ತೆನೆ ಬಲಿತು ಬೆರಳು ಮಡಿಚಿ ನಿಂತಿತ್ತು. ಅವೇ ತೆನೆ, ಅದೇ ಬಣ್ಣ, ಗಾಳಿಗೆ ಅದೇ ಸದ್ದು. ಮಳವಳ್ಳಿ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಸಾವಿರ ಸಲ ಕಂಡದ್ದು ಇಲ್ಲಿ, ಭೂಮಿಯ ಆಚೆ ಬದಿಯಲ್ಲಿ, ನಮಗಿಂತ ಮುಂಚಿನಿಂದ ನಿಂತಿತ್ತು. ನನಗೆ ಮೈ ಜುಮ್ಮೆಂದಿತು. ಅವರು ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಹೊಲಕ್ಕಿಳಿದರು. ಒಂದು ತೆನೆಯನ್ನು ಕೀಳದೆ, ಬರೀ ಅಂಗೈಯಲ್ಲಿ ಹಿಡಿದು ನಿಂತರು. ಡ್ರೈವರು ಅವರಿಗೆ ಹುಷಾರಿಲ್ಲವೇ ಎಂದು ನನ್ನನ್ನು ಮೆಲ್ಲಗೆ ಕೇಳಿದ.

ಅಜ್ಜಿ ಅಡುಗೆಯ ಗುಡಿಸಲಿನಲ್ಲಿದ್ದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಆಕೆ ರಾಗಿ ಹಿಟ್ಟು ಸುರಿದು ಮರದ ಸೌಟಿನಿಂದ ತೊಳಸಲು ಶುರು ಮಾಡಿದಳು. ಮುದ್ದೆ ಮಾಡಿದವರಿಗೆ ಗೊತ್ತು, ಹಿಟ್ಟು ಗಟ್ಟಿಯಾಗುತ್ತ ಬಂದಂತೆ ಪಾತ್ರೆ ಕೋಲಿನ ಜೊತೆ ತಿರುಗುತ್ತದೆ, ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಇವರು ಯಾರನ್ನೂ ಕೇಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿದ್ದ ಬಟ್ಟೆ ಎತ್ತಿಕೊಂಡು, ಒಲೆಯ ಪಕ್ಕ ಮಂಡಿಯೂರಿ ಪಾತ್ರೆಯ ಕಂಠ ಹಿಡಿದರು. ಅಜ್ಜಿ ತಲೆಯೆತ್ತಿ ಒಮ್ಮೆ ನೋಡಿ, ಮತ್ತೆ ತೊಳಸಿದಳು. ಹಿಡಿಯುವುದು ಗೊತ್ತಿರುವವಳು ಬಂದಿದ್ದಾಳೆ ಎಂದು ಆಕೆಗೆ ತಿಳಿಯಿತು.

"ಗಂಟು ಬೀಳ್ತದೆ ನೋಡವ್ವಾ, ಈ ಕಡೆ" ಎಂದು ಇವರು ಕನ್ನಡದಲ್ಲಿ ಹೇಳಿದರು. ಅಜ್ಜಿ ಈ ಕಡೆಗೇ ಕೋಲು ತಂದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಕಣ್ಣನ್ನು ನಾನೇ ನಂಬದ ಸ್ಥಿತಿ.

ಊಟಕ್ಕೆ ಕೂತೆವು. ಹೆಣೆದ ಪುಟ್ಟ ಬುಟ್ಟಿಯಲ್ಲಿ ಬಿಸಿ ಮುದ್ದೆ. ಅದನ್ನು ಅಲ್ಲಿ ಕಾಲೋ ಅನ್ನುತ್ತಾರೆ. ಜೊತೆಗೆ ಕಾಳಿನ ಸಾರು. ಅಜ್ಜಿ ಒಂದು ಚೂರು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಇವರು ತಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಆಕೆಯ ಗಂಟಲನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಮೊಣಕೈ ಹಿಡಿದುಕೊಂಡರು.

"ನುಂಗ್ತಾವ್ಳೆ ಕಣಮ್ಮ."

ಅವರ ಕಣ್ಣು ತುಂಬಿತ್ತು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಊಟವಾಯಿತು, ಕೈತೊಳೆದದ್ದೂ ಆಯಿತು. ನಾನು ತಿರುಗಿ ನೋಡುತ್ತೇನೆ, ಇವರಿಲ್ಲ. ಅಲ್ಲೂ ಹಾಗೇ, ಹೇಳದೆ ಹೋಗಿ ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಆದರೆ ಆ ಅಜ್ಜಿ ನಮ್ಮ ಕಡೆಯವಳಲ್ಲ. ಮೊರದ ತುಂಬ ರಾಗಿ ತುಂಬಿಕೊಂಡು, ಸೊಂಟ ಬಗ್ಗಿದ್ದರೂ ಬಿರಬಿರನೆ ಕಾರಿನವರೆಗೂ ಬಂದುಬಿಟ್ಟಳು. ಮನೆಗೆ ಬಂದ ಹೆಂಗಸನ್ನು ಬರಿಗೈಯಲ್ಲಿ ಕಳಿಸುವುದಿಲ್ಲವಂತೆ, ಚೀಲ ಇದೆಯೇ ಎಂದು ಕೇಳುತ್ತಿದ್ದಾಳೆ ಎಂದು ಡ್ರೈವರು ಹೇಳಿದ. ನಾನು ಡಿಕ್ಕಿಯಿಂದ ಚೀಲ ತರಲು ಹೊರಟೆ.

ಅವರು ನನ್ನನ್ನು ಕೈ ಹಿಡಿದು ನಿಲ್ಲಿಸಿದರು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ನಿಧಾನವಾಗಿ ಬಿಡಿಸಿಕೊಂಡರು. ಆ ಕೆಂಪು ಮಣ್ಣಿನ ಮೇಲೆ ಮಂಡಿಯೂರಿ, ಎರಡೂ ಕೈಯಲ್ಲಿ ಸೆರಗು ಒಡ್ಡಿದರು.

ಅಜ್ಜಿ ಸುರಿದಳು. ಆಕೆಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ, ಚೀಲದ ಬದಲು ಬಟ್ಟೆ, ಅಷ್ಟೇ. ಇವರು ಮಡಿಲಿನಿಂದ ಒಂದು ಹಿಡಿ ರಾಗಿ ತೆಗೆದು ವಾಪಸ್ಸು ಮೊರಕ್ಕೆ ಹಾಕಿದರು. ತವರು ಬರಿದಾಗದಿರಲಿ ಎಂದು ಮಗಳು ಒಂದು ಹಿಡಿ ಬಿಟ್ಟು ಹೋಗುವುದು ನಮ್ಮಲ್ಲಿ ಪದ್ಧತಿ. ಅಜ್ಜಿಗೆ ಇದು ಗೊತ್ತೇ? ಸಾಕು ಅನ್ನುತ್ತಿದ್ದಾಳೆಂದೋ, ಬೇಡ ಅನ್ನುತ್ತಿದ್ದಾಳೆಂದೋ ತಿಳಿದು ಆ ಹಿಡಿಯನ್ನು ಮತ್ತೆ ಮಡಿಲಿಗೇ ಹಾಕಿದಳು. ಇವರು ಮೊರಕ್ಕೆ, ಆಕೆ ಮಡಿಲಿಗೆ. "ಇರ್ಲಿ ಬುಡವ್ವ, ಇದು ನಿನ್ ಮನೇಗೆ" ಎಂದು ಇವರು ಅಳುತ್ತ ಗದರಿದರು. ಕೊನೆಗೆ ಅಜ್ಜಿ ಇವರ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಏನೆಂದು ತಿಳಿಯದಿದ್ದರೂ ಏನೋ ಇದೆ ಎಂದು ಆ ಮುದುಕಿಗೆ ಹೊಳೆದಿರಬೇಕು.

ಆ ರಾಗಿಯನ್ನು ಅವರು ಊರಿಗೆ ತರಲಿಲ್ಲ. "ಬ್ಯಾರೆ ದೇಸದ ಬಿತ್ನೆ ತರಬಾರ್ದು, ರೋಗ ಬತ್ತದೆ ಅಂತ ಪಾಠ ಮಾಡ್ದೋಳು ನಾನೇ ತರ್ಲಾ?" ಎಂದು ನಾವಿಳಿದಿದ್ದ ಕಡೆಯ ಅಡುಗೆ ಮನೆಗೆ ಕೊಟ್ಟು, ಬೀಸಿಸಿ, ಅಲ್ಲಿರುವ ತನಕ ಅದನ್ನೇ ಉಂಡರು. ಹೊರಡುವ ಬೆಳಿಗ್ಗೆ ಅಂಗಳಕ್ಕೆ ಹೋಗಿ ಸೀರೆಯಲ್ಲಿ ಉಳಿದ ಕಾಳನ್ನು ಹಕ್ಕಿಗಳಿಗೆ ಕೊಡವಿದರು. ಮಡಿಲು ತುಂಬಿಸಿಕೊಂಡ ಸಂಭ್ರಮದಲ್ಲೂ ಸಸ್ಯಶಾಸ್ತ್ರದ ಮೇಡಂ ಮೇಡಮ್ಮೇ.

ವಾಪಸ್ಸು ಬಂದ ಮೇಲೆ ಅವರಣ್ಣನ ಮೊಮ್ಮಗುವಿನ ನಾಮಕರಣ ಬಂತು. ಅಣ್ಣ ತೀರಿಕೊಂಡು ಒಂದೆರಡು ವರ್ಷವಾಗಿತ್ತು. ನನ್ನನ್ನೂ ಎಳೆದುಕೊಂಡು ಪೂರಿಗಾಲಿಗೆ ಹೋದರು. ಊಟ ಮುಗಿದು ಹೊರಡುವ ಹೊತ್ತು. ಅಣ್ಣನ ಸೊಸೆ, ಇವರ ತಂಗಿಯನ್ನು ನಡುಮನೆಯಲ್ಲಿ ಕೂರಿಸಿ ಮಡಿಲು ತುಂಬುತ್ತಿದ್ದಳು. ನಾನು ಅಭ್ಯಾಸದಂತೆ ಇವರು ಎಲ್ಲಿ ಮಾಯವಾದರೋ ಎಂದು ಬಾಗಿಲ ಕಡೆ ನೋಡಿದೆ. ಅವರು ಹೋಗಿರಲಿಲ್ಲ. ಗೋಡೆಗೊರಗಿ ನಿಂತಿದ್ದರು.

ಅವರ ಅತ್ತಿಗೆ ಅಡುಗೆ ಮನೆಯ ಹೊಸ್ತಿಲ ಒಳಗೆ, ಯಾರ ಕಣ್ಣಿಗೂ ಬೀಳದ ಹಾಗೆ ಕೂತಿದ್ದರು. ಒಂದು ಕಾಲದಲ್ಲಿ ತಟ್ಟೆ ಹಿಡಿಯುತ್ತಿದ್ದ ಆ ಕೈ, ಗಂಡ ಸತ್ತ ಮೇಲೆ ತಟ್ಟೆ ಮುಟ್ಟುವ ಹಾಗಿರಲಿಲ್ಲ. ಇವರು ನೇರ ಹೋಗಿ ಆಕೆಯ ಎದುರು ಕೂತು ಸೆರಗು ಒಡ್ಡಿದರು.

"ಅತ್ಗೆ, ರಾಗಿ ಆಕು."

ಅತ್ತಿಗೆಗೆ ಗಾಬರಿ. "ನಾನು ಆಕಂಗಿಲ್ಲ ಕಣವ್ವ. ನೀನೂ ಈಸ್ಕೊಳಂಗಿಲ್ಲ."

"ಆಕಂಗಿಲ್ದೋಳು ಈಸ್ಕೊಳಂಗಿಲ್ದೋಳ್ಗೆ ಆಕುದ್ರೆ ಯಾವನು ಕೇಳ್ತಾನೆ? ಆಕು."

ಅತ್ತಿಗೆ ಸೊಸೆಯ ಮುಖ ನೋಡಿದರು, ಗಂಡನ ಫೋಟೋ ನೋಡಿದರು. ಇವರು ಸೆರಗು ಮಡಚಲಿಲ್ಲ. ಕೊನೆಗೆ ಅತ್ತಿಗೆ ಗೋಡೆ ಹಿಡಿದು ಎದ್ದರು. ರಾಗಿ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಬೊಗಸೆ ತುಂಬ ತಂದು ಸುರಿದರು. ಇವರು ಒಂದು ಹಿಡಿ ತೆಗೆದು ಅತ್ತಿಗೆಯ ಕೈಗೇ ವಾಪಸ್ಸು ಕೊಟ್ಟರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅವತ್ತು ಅವರು ಮನೆಯ ಪ್ರತಿಯೊಬ್ಬರಿಗೂ, ಕೊಟ್ಟಿಗೆಯ ಎಮ್ಮೆಗೂ, "ಓಗ್ಬತ್ತೀನಿ" ಎಂದು ಹೇಳಿ ಹೊರಟದ್ದು.

ಹೋದ ತಿಂಗಳು ಸುದ್ದಿ ತಿಳಿದು ಅತ್ತಿಗೆ ಮಂಡ್ಯಕ್ಕೆ ಬಂದರು. ಮನೆ ತುಂಬ ಹಳೆಯ ವಿದ್ಯಾರ್ಥಿಗಳು, ನೆಂಟರು. ವೆರಾಂಡದಲ್ಲಿ ಮಲಗಿಸಿದ್ದೆವು. ಅತ್ತಿಗೆ ಯಾರನ್ನೂ ಮಾತಾಡಿಸಲಿಲ್ಲ. ನೇರ ಬಂದು ಪಕ್ಕದಲ್ಲಿ ಕೂತು, ಇವರ ಸೆರಗನ್ನು ಎಳೆದು ಮಡಿಲ ಮೇಲೆ ಹರವಿದರು. ಮುದುಕರೊಬ್ಬರು, "ಏನಮ್ಮ ಅದು, ಅಂಗೆಲ್ಲ ಮಾಡಂಗಿಲ್ಲ" ಎಂದು ಹಿಂದಿನಿಂದ ಅಂದರು.

"ನಮ್ಮನೆ ಎಣ್ಮಗ್ಳು ಒಂಟವ್ಳೆ. ನೀವು ಸುಮ್ಕಿರಿ" ಎಂದರು ಅತ್ತಿಗೆ.

ಸೊಂಟಕ್ಕೆ ಕಟ್ಟಿ ತಂದಿದ್ದ ಗಂಟು ಬಿಚ್ಚಿ ರಾಗಿ ಸುರಿದರು. ಸುರಿದು ಕಾದರು. ಯಾತಕ್ಕೆ ಕಾಯುತ್ತಿದ್ದಾರೆಂದು ನನಗೊಬ್ಬಳಿಗೆ ಗೊತ್ತಿತ್ತು. ಆಮೇಲೆ ತಾವೇ ಕೈಹಾಕಿ, ಆ ಮಡಿಲಿನಿಂದ ಒಂದು ಹಿಡಿ ತೆಗೆದು, ತಮ್ಮ ಸೆರಗಿನ ತುದಿಗೆ ಬಿಗಿಯಾಗಿ ಗಂಟು ಹಾಕಿಕೊಂಡರು.

"ಇದು ನಮ್ಮನೇಗೆ" ಎಂದು ನನ್ನ ಕಡೆ ತಿರುಗಿ ಹೇಳಿದರು. "ಅವ್ಳೇ ಕೊಟ್ಲು ಕಣಮ್ಮ."